ಸ್ಕಾಟ್ ಲ್ಯಾಂಡ್‌ನಲ್ಲಿ ಸೈಟುಗಳು ಲಭ್ಯವಿಲ್ಲ

ಯಾವ ವಿಷಯವನ್ನೇ ಆಗಲಿ, ಯಾರಿಗೇ ಆಗಲಿ, ಅರ್ಥ ಮಾಡಿಸುವ ಕಲೆ ನನಗೆ ಹುಟ್ಟಿನಿಂದಲೇ ಬಂದಿದೆ. ಇದು ಜಂಬವಲ್ಲ, ನನ್ನ ಉದ್ಯೋಗ. ಹೊಸಕೋಟೆಯ ಕಾರ್ಖಾನೆಯೊಂದರಲ್ಲಿ ನಾನು ಸೇಫ್ಟಿ ಸೂಪರ್‌ವೈಸರ್. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಸಾಲಾಗಿ ನಿಲ್ಲಿಸಿಕೊಂಡು, ಹೆಲ್ಮೆಟ್ಟು ಇರುವುದು ತಲೆಗೆ ಹಾಕಿಕೊಳ್ಳಲಿಕ್ಕೆ, ಸಂತೆಯಿಂದ ತರಕಾರಿ ತರಲಿಕ್ಕಲ್ಲ ಎಂದು ನಾನು ವಿವರಿಸುವ ರೀತಿಗೆ ಮ್ಯಾನೇಜರ್ ಸಾಹೇಬರೇ ತಲೆದೂಗಿದ್ದಾರೆ. ಅದಾದ ಮೇಲೂ ಯಾರಾದರೂ ಹೆಲ್ಮೆಟ್ಟಿನಲ್ಲಿ ಬದನೆಕಾಯಿ ಹೊತ್ತುಕೊಂಡು ಹೋದರೆ ಅದು ಅವರ ಹಣೆಬರಹ!

ಹೀಗಿರುವಾಗ, ನನ್ನ ಮಗಳು ಲಾವಣ್ಯ ಏನು ಓದಲು ಹೊರಟಿದ್ದಾಳೆ ಎಂಬುದನ್ನು ನನ್ನ ಹೆತ್ತ ತಾಯಿಗೆ ಅರ್ಥ ಮಾಡಿಸುವುದು ಯಾವ ಮಹಾ ಕೆಲಸ ಎಂದುಕೊಂಡೆ. ಎರಡು ನಿಮಿಷದ ಮಾತು. ಹೆಚ್ಚೆಂದರೆ ನಡುವೆ ಒಂದು ಲೋಟ ಕಾಫಿ.

ಲಾವಣ್ಯ ಬೆಂಗಳೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದಳು. ಸ್ಕಾಟ್ಲೆಂಡಿನ ಯೂನಿವರ್ಸಿಟಿಯೊಂದು ಆಕೆಯನ್ನು ಕರೆದು, ಸ್ಕಾಲರ್‌ಶಿಪ್ಪನ್ನೂ ಕೊಟ್ಟು, ಆ ಕಡೆಯ ಹಳೆಯ ಕೆಲ್ಟಿಕ್ ಭಾಷೆಗಳನ್ನೂ ಸ್ಕಾಟ್ಲೆಂಡಿನ ಚರಿತ್ರೆಯನ್ನೂ ಓದು ಬಾ ಎಂದಿತ್ತು. ಆ ಸುದ್ದಿ ಬಂದ ದಿನ ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಮೇಲಿನ ಗುಂಡಿ ನಿಜವಾಗಿಯೂ ಕಿತ್ತುಬಂತು. ಗುಂಡಿ ಮೊದಲೇ ಸಡಿಲವಾಗಿತ್ತು ಅಂತ ನನ್ನ ಹೆಂಡತಿ ಪದ್ಮ ಈಗಲೂ ಹೇಳುತ್ತಾಳೆ. ಅವಳ ಮಾತು ಬಿಡಿ. ದೇವನಹಳ್ಳಿಯಲ್ಲಿ ಡಾಕ್ಟರಾದ ಮಕ್ಕಳಿದ್ದಾರೆ, ಇಂಜಿನಿಯರಾದ ಮಕ್ಕಳು ಬೇಲಿ ಗಿಡದಷ್ಟಿದ್ದಾರೆ. ಕೆಲ್ಟಿಕ್ ಓದುವ ಮಗಳು ಇರುವುದು ನನಗೊಬ್ಬನಿಗೇ!

ಒಂದೇ ಒಂದು ತೊಡಕು. ನಮ್ಮಮ್ಮ.

ನಮ್ಮಮ್ಮ ಮುನಿತಾಯಮ್ಮನ ಬಗ್ಗೆ ಸ್ವಲ್ಪ ಹೇಳಬೇಕು. ಏರ್‌ಪೋರ್ಟಿಗೆ ನಮ್ಮ ಹೊಲ ಹೋಯಿತು. ಪರಿಹಾರ ಬಂತು, ದೇವನಹಳ್ಳಿಯಲ್ಲಿ ಮನೆಯಾಯಿತು, ಮಗಳ ಓದೂ ಆಯಿತು. ನಮಗೆ ಯಾರ ಮೇಲೂ ದೂರಿಲ್ಲ. ಆದರೆ ಅಮ್ಮನ ಪ್ರಕಾರ ಹೊಲ ಎಲ್ಲೂ ಹೋಗಿಲ್ಲ, ಅದರ ಮೇಲೆ ಸಿಮೆಂಟು ಹಾಕಿದ್ದಾರೆ, ಅಷ್ಟೆ. ಜಗಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಾ ಕೂತು ವಿಮಾನಗಳನ್ನು ನೋಡುತ್ತಾಳೆ. "ಇದು ಹುಣಸೆಮರದ ಹೊಲ್ದಾಗೆ ಇಳೀತು" ಎನ್ನುತ್ತಾಳೆ. "ಅದು ಕಲ್ಲುಕಟ್ಟೆ ಹೊಲ್ದಿಂದ ಎದ್ದಿದ್ದು" ಎನ್ನುತ್ತಾಳೆ. ವಿಮಾನ ತಡವಾದರೆ ಮಳೆ ತಡವಾದಷ್ಟೇ ಚಿಂತೆ ಮಾಡುತ್ತಾಳೆ.

ನಮ್ಮ ಮನೆಯಿಂದ ಯಾರೇ ದೂರದೂರಿಗೆ ಹೊರಟರೂ ಅಮ್ಮ ಹೊಸ್ತಿಲ ಹತ್ತಿರ ನಿಂತು "ಹೋಗ್ಬಾ" ಅನ್ನಬೇಕು. ಅನ್ನದೆ ಹೊರಡುವ ಪದ್ಧತಿ ಇಲ್ಲ. ಲಾವಣ್ಯಳ ವಿಷಯ ಹೇಳಿದಾಗ ಅಮ್ಮ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸಿ ತೀರ್ಪು ಕೊಟ್ಟಳು.

"ಏನು ಓದಕ್ಕೆ ಹೋಗ್ತಾಳೆ ಅಂತ ನಂಗೆ ಅರ್ಥ ಆಗ್ಬೇಕು. ಅರ್ಥ ಆಗ್ದೆ ನಾನು ಹೋಗ್ಬಾ ಅನ್ನಕಿಲ್ಲ."

ಮೊಮ್ಮಗಳೂ ಅದೇ ಜಾತಿಯ ಹಟಮಾರಿ. "ಅಜ್ಜಿ ಹೋಗ್ಬಾ ಅನ್ನದೆ ನಾನೂ ಹೊಸ್ತಿಲು ದಾಟಲ್ಲ ಅಪ್ಪಾ" ಅಂದುಬಿಟ್ಟಳು. "ನಾನೇ ಕೂತು ಅಜ್ಜಿಗೆ ಹೇಳ್ತೀನಿ."

"ನೀನು ಸುಮ್ಮನೆ ವೀಸಾ ನೋಡ್ಕೋ ಹೋಗಮ್ಮ" ಅಂದೆ. "ಅರ್ಥ ಮಾಡಿಸೋ ಡಿಪಾರ್ಟ್‌ಮೆಂಟ್ ನಂದು."

ಇಲ್ಲಿಂದ ನನ್ನ ಅಧಃಪತನ ಆರಂಭ.

ಮೊದಲನೆಯ ದಿನ ಅಮ್ಮನ ಪಕ್ಕ ಕೂತು, ಕಾರ್ಖಾನೆಯ ಗಾಂಭೀರ್ಯದಲ್ಲಿ ಶುರು ಮಾಡಿದೆ. "ಅಮ್ಮಾ, ಸ್ಕಾಟ್ಲೆಂಡ್ ಅಂತ ಒಂದು ದೇಶ. ಅಲ್ಲಿ ಗೇಲಿಕ್ ಅಂತ ಒಂದು ಹಳೇ ಭಾಷೆ. ಅದನ್ನ ಕಲಿಯೋಕೆ ಹೋಗ್ತಾಳೆ."

"ಗೇಲೀನಾ?" ಅಮ್ಮ ನನ್ನನ್ನೇ ದಿಟ್ಟಿಸಿದಳು. "ಗೇಲಿ ಮಾಡೋದು ಕಲ್ಯಕ್ಕೆ ಇಮಾನ ಹತ್ಬೇಕೇನ್ಲಾ? ನಿನ್ನ ಹೆಂಡ್ತಿ ಮನೇಲೇ ಇದ್ದಾಳಲ್ಲ, ಅವಳ ಹತ್ರ ಕಲೀಲಿ."

ಅಡುಗೆಮನೆಯಲ್ಲಿ ಪಾತ್ರೆಗಳು ಜೋರಾಗಿ ಸದ್ದು ಮಾಡಿದವು. ಆ ದಿನದ ಪಾಠ ಅಲ್ಲಿಗೆ ಮುಗಿಯಿತು.

ಸಂಜೆ ಲಾವಣ್ಯ ನಗುತ್ತಾ ನನ್ನನ್ನು ತಿದ್ದಿದಳು. "ಅಪ್ಪಾ, ಐರ್ಲೆಂಡಿನವರದು ಗೇಲಿಕ್. ಸ್ಕಾಟ್ಲೆಂಡಿನವರು ಗಾಲಿಕ್ ಅಂತಾರೆ." ಅಬ್ಬ, ಎಲ್ಲ ತೊಂದರೆಗೂ ಒಂದು ಏತ್ವವೇ ಕಾರಣ! ಮಾರನೆಯ ದಿನ ಹುಮ್ಮಸ್ಸಿನಿಂದ "ಗಾಲಿಕ್" ಎಂದೆ.

"ಗಾಲೀನಾ? ಗಾಡಿ ಗಾಲೀದಾ?" ಅಂದಳು ಅಮ್ಮ. "ಹೆಣ್ಮಗು ಕೈಲಿ ಗಾಲಿ ಬಿಚ್ಚೋ ಕೆಲಸ ಮಾಡಿಸ್ತಾರಾ ಅಲ್ಲಿ?"

ನಾನು ಉತ್ತರಿಸುವ ಮೊದಲೇ ಪದ್ಮ ಬಾಗಿಲಿಗೆ ಬಂದಳು. ಅವಳ ತವರು ಚಿಂತಾಮಣಿ ಕಡೆ, ಮನೆಮಾತು ತೆಲುಗು. ಹಿಂದಿನ ದಿನದ ಸೇಡು ಬಾಕಿ ಇತ್ತು. "ನಮ್ಮ ಕಡೆ ಗಾಲಿ ಅಂದ್ರೆ ಗಾಳಿ ಅತ್ತೆ" ಅಂದಳು. "ಮೊಮ್ಮಗಳು ಗಾಳಿ ಓದ್ತಾಳಂತೆ. ಮಗ ಇಷ್ಟು ದಿನ ಬಿಟ್ಟಿದ್ದು ಸಾಲದು ಅಂತ."

ಅತ್ತೆ ಸೊಸೆ ಒಟ್ಟಿಗೆ ನಕ್ಕಿದ್ದನ್ನು ನಾನು ನಮ್ಮ ಮದುವೆಯಾದ ಮೇಲೆ ಅವತ್ತೇ ನೋಡಿದ್ದು. ಮನೆಯಲ್ಲಿ ಶಾಂತಿ ನೆಲೆಸಿತು, ಆದರೆ ಗಾಲಿಕ್ ಭಾಷೆಯ ವಿಷಯ ಒಂದಿಂಚೂ ಮುಂದಕ್ಕೆ ಹೋಗಲಿಲ್ಲ.

ಮೂರನೆಯ ಸಲ ಬೇರೆ ದಾರಿ ಹಿಡಿದೆ. "ಅದನ್ನ ಮಾತಾಡೋ ಜನ ಈಗ ತುಂಬಾ ಕಮ್ಮಿ ಆಗ್ಬಿಟ್ಟಿದ್ದಾರೆ ಅಮ್ಮಾ. ಅದಕ್ಕೇ ಕಲೀಬೇಕು."

"ಮಾತಾಡೋರೇ ಇಲ್ದಿದ್ಮೇಲೆ ಇವಳು ಕಲ್ತು ಯಾರ ಹತ್ರ ಮಾತಾಡ್ತಾಳೆ?"

ಕಾಫಿ ಕುಡಿದು ಎದ್ದೆ.

ಆಗ ನನಗೊಂದು ಮಹತ್ತರವಾದ ಉಪಾಯ ಹೊಳೆಯಿತು. ನನ್ನ ಮಾತಿಗೆ ಬಗ್ಗದ ಅಮ್ಮ ಊರಿನ ಮಾತಿಗೆ ಬಗ್ಗುತ್ತಾಳೆ. ಊರೇ ಲಾವಣ್ಯಳನ್ನು ಹೊಗಳಿದರೆ ಅಮ್ಮ ತಾನಾಗಿಯೇ ಹೋಗ್ಬಾ ಅನ್ನುತ್ತಾಳೆ. ಊರಿನ ಬಾಯಲ್ಲಿ ಹೊಗಳಿಸಬೇಕಾದರೆ ನಮ್ಮ ತಾಲ್ಲೂಕಿನಲ್ಲಿ ಎರಡೇ ಮಾರ್ಗ: ಒಂದು ಫ್ಲೆಕ್ಸು, ಇನ್ನೊಂದು ಬಾಡೂಟ. ನಾನು ಎರಡನ್ನೂ ಮಾಡಲು ನಿಶ್ಚಯಿಸಿದೆ.

ಬಸ್ ನಿಲ್ದಾಣದ ಹಿಂದಿನ ಸೀನನಿಗೆ ಕಾರ್ಖಾನೆಯಿಂದಲೇ ಫೋನು ಮಾಡಿದೆ. ಸೀನ ಫ್ಲೆಕ್ಸ್ ಡಿಸೈನ್ ಮಾಡುವವನು. ಹುಟ್ಟುಹಬ್ಬದಿಂದ ಭಾವಪೂರ್ಣ ಶ್ರದ್ಧಾಂಜಲಿಯವರೆಗೆ ಮನುಷ್ಯನ ಎಲ್ಲ ಘಟ್ಟಗಳಿಗೂ ಅವನೇ. ಹಿಂದೆ ಯಂತ್ರಗಳು ಕಿರುಚುತ್ತಿದ್ದವು, ನಾನೂ ಕಿರುಚಿದೆ.

"ಬರ್ಕೋ ಸೀನ! ಸ್ಕಾಟ್ಲೆಂಡ್ ಹಿಸ್ಟರಿ! ದೇವನಹಳ್ಳಿಯ ಹೆಮ್ಮೆ! ನನ್ನ ಮಗಳ ಫೋಟೋ ಹಾಕು! ಶುಭ ಕೋರುವವರು ಅಂತ ನಂದೂ ಒಂದಿರಲಿ!"

"ಆಯ್ತಣ್ಣ! ಕೆಳಗೆ ಫೋನ್ ನಂಬರ್ ಹಾಕ್ಲಾ?"

"ಹಾಕು! ಅಭಿನಂದನೆ ಹೇಳೋರಿಗೆ ಬೇಕಲ್ಲ!"

ಮಾರನೆಯ ದಿನ ಬೆಳಿಗ್ಗೆ ಫ್ಲೆಕ್ಸು ಹಳೇ ಬಸ್ ನಿಲ್ದಾಣದ ಎದುರಿಗೆ ನಿಂತಿತ್ತು. ನೋಡಿ ನನಗೆ ರೋಮಾಂಚನವಾಯಿತು. ಹಿನ್ನೆಲೆಯಲ್ಲಿ ಅಚ್ಚ ಹಸಿರಿನ ಗುಡ್ಡ, ಅದರ ಮೇಲೆ ಬೆಳ್ಳಗಿನ ಕುರಿಗಳು, ಮೇಲೊಂದು ವಿಮಾನ. ಮುಂದೆ ಕೈಮುಗಿದುಕೊಂಡು ಆಳೆತ್ತರದ ನಾನು! ಸೀನ ನನ್ನ ಕೆನ್ನೆಗೆ ಗುಲಾಬಿ ಬಣ್ಣ ಬಳಿದು ಹತ್ತು ವರ್ಷ ಇಳಿಸಿದ್ದ. ಅದರ ಕೆಳಗೆ ನಿಂತು ಟೀ ಕುಡಿದೆ. ಯಾರಾದರೂ ಗುರುತು ಹಿಡಿಯಲಿ ಎಂದು ಇನ್ನೊಂದು ಟೀ ಕುಡಿದೆ. ಆದರೆ ಮೇಲೆ ಏನು ಬರೆದಿದೆ ಎಂದು ಓದಲಿಲ್ಲ. ನನ್ನ ಮುಖವನ್ನು ನೋಡಿ ಮುಗಿಯುವಷ್ಟರಲ್ಲಿ ಹೊಸಕೋಟೆ ಬಸ್ಸು ಬಂತು.

ಓದಿದವಳು ಪದ್ಮ. ಹೂವು ತರಲು ಹೋಗಿದ್ದವಳು ಅಲ್ಲಿಂದಲೇ ಫೋನು ಮಾಡಿದಳು. "ರೀ, ನೀವು ಯಾವಾಗಿಂದ ಸೈಟ್ ಮಾರೋಕೆ ಶುರು ಮಾಡಿದ್ರಿ?"

"ಯಾವ ಸೈಟು?"

"ಇಲ್ಲಿ ಬರ್ದಿದೆಯಲ್ಲ. ಸ್ಕಾಟ್ ಅಂತ ಮೇಲೆ ಸಣ್ಣದಾಗಿ, ಲ್ಯಾಂಡ್ ಅಂತ ಕೆಳಗೆ ದೊಡ್ಡದಾಗಿ. ಆಮೇಲೆ ಹಿಸ್ಟರಿ. ಆಮೇಲೆ ದೇವನಹಳ್ಳಿಯ ಹೆಮ್ಮೆ. ಕೊನೇಲಿ 'ಏರ್‌ಪೋರ್ಟ್‌ಗೆ ಅತಿ ಸಮೀಪ, ಇಂದೇ ಸಂಪರ್ಕಿಸಿ' ಅಂತ ನಿಮ್ಮ ನಂಬರು."

"ಲಾವಣ್ಯ ಎಲ್ಲಿ?"

"ಮೂಲೇಲಿ ಒಂದು ರೌಂಡಲ್ಲಿ ಇದ್ದಾಳೆ. ಸೈಟ್ ತಗೊಂಡು ಖುಷಿ ಆಗಿರೋರ ಥರ."

ಸೀನನನ್ನು ಹಿಡಿದು ಕೇಳಿದಾಗ ಅವನು ಒಂದಿಷ್ಟೂ ಅಳುಕಲಿಲ್ಲ. ಯಾವುದೋ ಲೇಔಟಿನ ಹಳೆಯ ಡಿಸೈನಿನ ಮೇಲೆಯೇ ಇದನ್ನು ಮಾಡಿದ್ದನಂತೆ. ಕೆಳಗಿನ ಸಾಲು ಅಳಿಸುವುದು ಮರೆತುಹೋಯಿತಂತೆ. "ಒಂದೇ ಲೈನಲ್ಲಿ ಹಿಡೀಲಿಲ್ಲಣ್ಣ, ಅದಕ್ಕೇ ಲ್ಯಾಂಡ್‌ನ ಕೆಳಗಿಳಿಸ್ದೆ. ನಮ್ಮ ಕಡೆ ಲ್ಯಾಂಡ್ ಅಂದ್ರೆ ತಾನೆ ಜನ ನಿಂತು ನೋಡೋದು?" ಅಂದ. ಸರಿಪಡಿಸಿಕೊಡು ಎಂದರೆ, ಚುನಾವಣೆ ಆರ್ಡರುಗಳ ರಾಶಿ ತೋರಿಸಿದ. ಬಾಡೂಟ ಮುಗಿಯುವವರೆಗೆ ಅವನಿಗೆ ಪುರುಸೊತ್ತಿಲ್ಲ. ಇಳಿಸಿಬಿಡೋಣ ಎಂದರೆ ಗುಲಾಬಿ ಕೆನ್ನೆಯ ನನ್ನನ್ನು ಇಳಿಸಲು ನನಗೇ ಮನಸ್ಸು ಬರಲಿಲ್ಲ.

ಫೋನುಗಳು ಶುರುವಾದವು.

"ಹಲೋ, ಸ್ಕಾಟ್ ಲ್ಯಾಂಡಾ?"

"ಅಲ್ಲ, ದೇವನಹಳ್ಳಿ."

"ಗೊತ್ತು ಸಾರ್, ದೇವನಹಳ್ಳೀಲೇ ತಾನೆ ಲೇಔಟು? ಥರ್ಟಿ ಫಾರ್ಟಿ ಇದ್ಯಾ?"

"ಸ್ವಾಮೀ, ಸ್ಕಾಟ್ಲೆಂಡ್ ಅನ್ನೋದು ಒಂದು ದೇಶ!"

"ಅಷ್ಟು ದೊಡ್ಡ ಲೇಔಟಾ!"

ಇನ್ನೊಬ್ಬರು ಎ ಖಾತೆಯೋ ಬಿ ಖಾತೆಯೋ ಎಂದು ಕೇಳಿದರು. "ಅಲ್ಲಿ ರಾಜರಿದ್ದಾರೆ ಕಣ್ರೀ!" ಎಂದು ರೇಗಿದೆ. "ಓ, ರಾಜರ ಆಸ್ತೀನಾ? ಕೋರ್ಟಲ್ಲಿರತ್ತೆ ಬಿಡಿ" ಎಂದು ಇಟ್ಟುಬಿಟ್ಟರು. ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ ನೀರಿನ ಅನುಕೂಲ ವಿಚಾರಿಸಿದರು. "ಅಲ್ಲಿ ವರ್ಷಪೂರ್ತಿ ಮಳೆ ಬರತ್ತಮ್ಮ" ಎಂದೆ. "ಅಂದ್ರೆ ರಾಜಕಾಲುವೆ ಪಕ್ಕದಲ್ಲಾ?" ಎಂದು ಅವರು ಗಾಬರಿಯಾದರು.

ಮಳೆ, ರಾಜರು, ದೇಶ, ಏನು ಹೇಳಿದರೂ ಅದು ಲೇಔಟಿಗೇ ಬಂದು ನಿಲ್ಲುತ್ತಿತ್ತು. ನನ್ನ ಅರ್ಥ ಮಾಡಿಸುವ ಕಲೆಗೆ ಇಂಥ ಅಗ್ನಿಪರೀಕ್ಷೆ ಹಿಂದೆಂದೂ ಬಂದಿರಲಿಲ್ಲ.

ಅದೇ ವಾರ ಪಕ್ಕದ ಮನೆಯ ಕೆಂಪಣ್ಣ ಮುಖ ಊದಿಸಿಕೊಂಡು ಬಂದ. ಕೆಂಪಣ್ಣ ಜಮೀನು ವ್ಯವಹಾರದವನು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಕಾರು. "ಏನ್ ಗುರು, ಇಷ್ಟು ವರ್ಷ ಪಕ್ಕದ ಮನೇಲಿದ್ದು ನಂಗೊಂದು ಮಾತು ಹೇಳ್ದಂಗೆ ಲೇಔಟ್ ಮಾಡ್ಬಿಟ್ಟಲ್ಲ!"

"ಅಯ್ಯೋ ಕೆಂಪಣ್ಣ, ಲೇಔಟೂ ಇಲ್ಲ ಗೀಔಟೂ ಇಲ್ಲ. ನಮ್ಮ ಲಾವಣ್ಯ ಸ್ಕಾಟ್ಲೆಂಡ್ ಹಿಸ್ಟರಿ ಓದಕ್ಕೆ ಹೋಗ್ತಿದ್ದಾಳೆ."

ಕೆಂಪಣ್ಣನ ಮುಖ ಅರಳಿತು. "ಲ್ಯಾಂಡ್ ಹಿಸ್ಟರೀನಾ! ಮೊದ್ಲೇ ಹೇಳ್ಬಾರ್ದಾ? ಮೂಲಪತ್ರ, ವಂಶವೃಕ್ಷ, ಯಾರಿಂದ ಯಾರಿಗೆ ಬಂತು, ಅದೇ ತಾನೆ? ನಮ್ಮ ತಾಲ್ಲೂಕಲ್ಲಿ ಅದ್ಕಿಂತ ದೊಡ್ಡ ಓದು ಯಾವ್ದೈತೆ ಗುರು! ಹೆಣ್ಮಗು ಏನ್ ಬುದ್ಧಿವಂತೆ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಬಿಳಿ ಕಾರು ಹತ್ತಿ ಸುದ್ದಿ ಹಂಚಲು ಹೊರಟುಹೋಗಿದ್ದ. ಕೆಂಪಣ್ಣನಿಗೆ ಹೇಳಿದ ಸುದ್ದಿಗೆ ಫ್ಲೆಕ್ಸು ಬೇಕಾಗಿಲ್ಲ.

ಬಾಡೂಟದ ಭಾನುವಾರ ಬಂತು. ಮನೆಯ ಪಕ್ಕದ ಖಾಲಿ ಜಾಗದಲ್ಲಿ ಶಾಮಿಯಾನ, ಮೈಕ್ ಎರಡೂ ಹಾಕಿಸಿದ್ದೆ. ಮಟನ್ ಸಾರು ಕುದಿಯುತ್ತಿತ್ತು, ಮುದ್ದೆ ತಿರುವುತ್ತಿದ್ದರು. ಜನ ಬರತೊಡಗಿದರು. ಬಂದವರ ಒಂದು ಕೈಯಲ್ಲಿ ಚಕ್ಕೋತ ಹಣ್ಣು ಅಥವಾ ಹೂವಿನ ಹಾರ. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಮೊದಲು ನನಗೆ ಅನುಮಾನ ಬರಲಿಲ್ಲ. ಮಿಕ್ಕ ಸಾರನ್ನು ಮನೆಗೆ ಕಟ್ಟಿಸಿಕೊಂಡು ಹೋಗಲು ತಂದಿರಬಹುದು ಎಂದುಕೊಂಡೆ.

ಪಿಳ್ಳಂಜಿನಪ್ಪ ಎಂಬ ನಮ್ಮ ದೂರದ ಸಂಬಂಧಿ, ಅಮ್ಮನ ವಯಸ್ಸಿನವರು, ಲಾವಣ್ಯಳ ತಲೆ ಮುಟ್ಟಿ ಆಶೀರ್ವಾದ ಮಾಡಿ ಚೀಲ ಬಿಚ್ಚಿದರು. ಒಳಗಿದ್ದದ್ದು ಪಹಣಿ! "ನಮ್ಮಪ್ಪನ ಕಾಲ್ದಾಗೆ ಮೂಡ್ಲ ಕಡೆ ಹೊಲ ನಮ್ದೇ ಇತ್ತು ಕಣವ್ವಾ. ಆಮೇಲೆ ಹೆಂಗೆ ಚಿಕ್ಕಪ್ಪನೋರ ಹೆಸ್ರಿಗೆ ಹೋಯ್ತೋ ಗೊತ್ತಿಲ್ಲ. ವಸಿ ಹಿಸ್ಟರಿ ನೋಡಿ ಹೇಳು" ಎಂದರು. ಅವರ ಹಿಂದೆ ಒಂದು ಸಾಲು ನಿಂತಿತ್ತು. ಸಾಲನ್ನು ಕೆಂಪಣ್ಣನೇ ನಿಂತು ಸರಿಪಡಿಸುತ್ತಿದ್ದ.

ಲಾವಣ್ಯ ಕಂಗಾಲಾಗಿ ನನ್ನ ಕಡೆ ನೋಡಿದಳು. ನನಗೆ ಮೈಯೆಲ್ಲ ಉರಿಯಿತು. ಇದು ನನ್ನ ಮಗಳ ದಿನ. ಅವಳು ಕಷ್ಟಪಟ್ಟು ಗಳಿಸಿದ ಗೌರವವನ್ನು ಈ ಜನ ತಾಲ್ಲೂಕು ಕಚೇರಿಯ ಕಿಟಕಿ ಮಾಡುತ್ತಿದ್ದಾರಲ್ಲ! ಇನ್ನು ಸಹಿಸಲಾಗದು ಎಂದು, ಸಾರು ಬಡಿಸುವವನನ್ನು ಪಕ್ಕಕ್ಕೆ ಸರಿಸಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ, ಮೈಕ್ ಹಿಡಿದೆ.

"ಮಹಾಜನರೇ! ದಯಮಾಡಿ ಗಮನಿಸಬೇಕಾಗಿ ವಿನಂತಿ. ನನ್ನ ಮಗಳು ಓದಲು ಹೋಗುತ್ತಿರುವುದು ಸ್ಕಾಟ್ಲೆಂಡ್ ದೇಶದ ಪುರಾತನ ಭಾಷೆ ಹಾಗೂ ಚರಿತ್ರೆಯನ್ನು. ಇದು ಲ್ಯಾಂಡ್ ಹಿಸ್ಟರಿ ಅಲ್ಲ! ಈ ಓದಿಗೂ ಜಮೀನಿಗೂ ಯಾವುದೇ ಸಂಬಂಧವಿಲ್ಲ! ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆಯೂ ಇರುವುದಿಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸುತ್ತೇನೆ!"

ಸಾಲಿನಲ್ಲಿದ್ದವರೆಲ್ಲ ಕತ್ತೆತ್ತಿ ನನ್ನನ್ನೇ ನೋಡಿದರು. ಎಂಥಾ ಸ್ಪಷ್ಟತೆ! ಎಂಥಾ ಉಚ್ಚಾರಣೆ! ನಾನು ಹೆಮ್ಮೆಯಿಂದ ಅಮ್ಮನ ಕಡೆ ತಿರುಗಿದೆ.

ಅಮ್ಮ ಹಸಿರು ಸೀರೆಯುಟ್ಟು, ತಲೆಗೆ ಹೂ ಮುಡಿದು, ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಕ್ಕದ ಕುರ್ಚಿಯ ಮೇಲೆ ಕುಂಕುಮದ ತಟ್ಟೆ. ಊರೆದುರಿಗೆ ಕುಂಕುಮವಿಟ್ಟು ಒಪ್ಪಿಗೆ ಕೊಡಲು ಅವಳು ಸಿದ್ಧವಾಗಿಯೇ ಬಂದಿದ್ದಳು ಎಂಬುದು ಆಗಲೇ ನನಗೆ ಗೊತ್ತಾದದ್ದು. ನಾನು ನೋಡನೋಡುತ್ತಿದ್ದಂತೆ ತಟ್ಟೆಗೆ ಸೆರಗು ಮುಚ್ಚಿದಳು.

"ಜಮೀನಿಗೂ ಅದಕ್ಕೂ ಸಂಬಂಧ ಇಲ್ವೇನ್ಲಾ ಮುನಿರಾಜ?"

"ಇಲ್ಲಮ್ಮಾ" ಎಂದೆ. ಮೈಕ್ ಇನ್ನೂ ಆನ್ ಇತ್ತು. ಇಡೀ ಬೀದಿಗೆ ಕೇಳಿಸಿತು.

"ಕೆಂಪಣ್ಣ ಬಂದು ನೆಲದ ಇತಿಹಾಸ ಓದ್ತಾಳೆ ಅಂದ. ಓ, ನಮ್ಮ ಮಗು ನೆಲದ ಇಚಾರ ಓದಕ್ಕೋಗ್ತದೆ, ಒಳ್ಳೇದೇ ಅನ್ಕಂಡೆ. ಅರ್ಥ ಆಯ್ತು ಅಂತ ಖುಷಿ ಆಗಿದ್ದೆ. ಈಗ ಇಲ್ಲ ಅಂತೀಯ. ಹಂಗಾದ್ರೆ ನಂಗೆ ಮತ್ತೆ ಅರ್ಥ ಆಗ್ಲಿಲ್ಲ. ನಾನು ಹೋಗ್ಬಾ ಅನ್ನಕಿಲ್ಲ."

ಹೀಗೆ, ನಾನು ದಿನಗಟ್ಟಲೆ ಹೆಣಗಿದರೂ ಆಗದ ಕೆಲಸವನ್ನು ಕೆಂಪಣ್ಣ ಬಿಳಿ ಕಾರಿನಲ್ಲಿ ಕೂತೇ ಮಾಡಿ ಮುಗಿಸಿದ್ದ. ಅದನ್ನು ನಾನು ಮೈಕ್ ಹಾಕಿಸಿಕೊಂಡು ಹಾಳು ಮಾಡಿದ್ದೆ! ಮೈಕ್ ಹಿಡಿದುಕೊಂಡೇ ಕುರ್ಚಿಯ ಮೇಲೆ ನಿಂತಿದ್ದೆ. ಪದ್ಮ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ. ಮರುದಿನ ಹೊರಡಬೇಕಾದ ಮಗಳ ಕಣ್ಣಲ್ಲಿ ನೀರು ತುಂಬಿತ್ತು. ಅವಳ ಪೆಟ್ಟಿಗೆ ಕಟ್ಟಿಯಾಗಿತ್ತು, ಟಿಕೆಟ್ ಬಂದಾಗಿತ್ತು. ಬರದಿದ್ದದ್ದು ಅಜ್ಜಿಯ ಒಂದು ಮಾತು.

ಲಾವಣ್ಯ ಮೈಕ್ ಕೇಳಲಿಲ್ಲ. ಹೋಗಿ ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತಳು. "ಅಪ್ಪಾ, ಸಂಬಂಧ ಇಲ್ಲ ಅಂತ ನಿಂಗೆ ಯಾರು ಹೇಳಿದ್ದು?" ಎಂದಳು.

ನಾನು ಯೋಚಿಸಿದೆ. ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ!

"ಅಜ್ಜಿ, ಕೆಂಪಣ್ಣ ಮಾಮ ಹೇಳಿದ್ದು ಸುಳ್ಳಲ್ಲ" ಎಂದು ಲಾವಣ್ಯ ಶುರು ಮಾಡಿದಳು. "ಬಸ್ ಸ್ಟ್ಯಾಂಡ್ ಹತ್ರ ಫ್ಲೆಕ್ಸಲ್ಲಿ ಗುಡ್ಡ ನೋಡಿದ್ಯಲ್ಲ, ಅಂಥ ಗುಡ್ಡಗಳಲ್ಲಿ ಹಿಂದೆ ಜನ ಇದ್ರು. ಬೇಸಾಯ ಮಾಡ್ಕೊಂಡು, ದನ ಮೇಯಿಸ್ಕೊಂಡು. ನೆಲ ಮಾತ್ರ ದೊಡ್ಡ ಯಜಮಾನರ ಹೆಸರಲ್ಲಿತ್ತು. ಆ ಯಜಮಾನರಿಗೆ ಒಂದು ಕಾಲದಲ್ಲಿ ಜನಕ್ಕಿಂತ ಕುರಿ ಲಾಭ ಅನ್ನಿಸ್ತು. ಕುರಿ ಬಿಡೋಕೆ ಅಂತ ಊರೂರನ್ನೇ ಎಬ್ಬಿಸಿದ್ರು. ಜನ ಹಡಗು ಹತ್ತಿ ಎಲ್ಲೆಲ್ಲಿಗೋ ಹೋಗ್ಬಿಟ್ರು."

"ಕುರಿಗೋಸ್ಕರ ಜನರನ್ನ ಎಬ್ಬಿಸಿದ್ರಾ?" ಅಮ್ಮ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ನಮ್ಮುನ್ನ ಇಮಾನಕ್ಕೆ ಅಂತಾನಾದ್ರೂ ಎಬ್ಬಿಸಿದ್ರಪ್ಪ."

ಪಿಳ್ಳಂಜಿನಪ್ಪ ಪಹಣಿಯನ್ನು ಮಡಿಲಲ್ಲಿಟ್ಟುಕೊಂಡು ಹತ್ತಿರ ಸರಿದು ಕೂತರು. ಕೆಂಪಣ್ಣನ ಸಾಲು ಚದುರಿ ಸುತ್ತ ನಿಂತಿತು.

"ಊರುಗಳು ಈಗ ಇಲ್ಲ ಅಜ್ಜಿ, ಗೋಡೆ ಕಲ್ಲು ಮಾತ್ರ. ಆದ್ರೆ ಪ್ರತಿ ಹೊಲಕ್ಕೂ, ಪ್ರತಿ ದಿಣ್ಣೆಗೂ ಇದ್ದ ಹೆಸರು ಆ ಹಳೇ ಮಾತಲ್ಲಿ ಉಳ್ಕೊಂಡಿದೆ. ಹಾಡುಗಳಿವೆ. ಆ ಮಾತು ಬಂದ್ರೆ ತಾನೆ ಅದೆಲ್ಲ ತಿಳಿಯೋದು? ನೀನು ಹುಣಸೆಮರದ ಹೊಲ, ಕಲ್ಲುಕಟ್ಟೆ ಹೊಲ ಅಂತ ಏರ್‌ಪೋರ್ಟ್ ಕಡೆ ಕೈ ತೋರಿಸಿ ಹೇಳ್ತೀಯಲ್ಲ, ಅದನ್ನ ಚಿಕ್ಕವಳಿಂದ ಕೇಳ್ಕೊಂಡು ಬೆಳೆದೆ ನಾನು. ಅಂಥವೇ ಹೆಸರುಗಳನ್ನ ಓದೋಕೆ ಹೋಗ್ತಿರೋದು. ಕಲಿತು ಬಂದು ನಿನ್ನ ಹೆಸರುಗಳನ್ನೂ ಬರೀಬೇಕು ಅಂತಿದೆ."

ಅಮ್ಮ ಎಲೆ ಅಡಿಕೆಯನ್ನು ಇನ್ನೊಂದು ಕೆನ್ನೆಗೆ ಸಾಗಿಸಿದಳು. ಆಮೇಲೆ ಕೇಳಿದಳು, "ಆ ಮಾತಲ್ಲಿ ನಂತಾವ ಹೊಲ ಐತೆ ಅನ್ನದು ಹೆಂಗೆ?"

ಲಾವಣ್ಯಳ ಮುಖ ಬೆಳಗಿತು. "ಅದೇ ಚೆನ್ನಾಗಿರೋದು ಅಜ್ಜಿ! ಇಂಗ್ಲಿಷಿನವರು ಹೇಳೋದೇ ಬೇರೆ ಥರ. ಇವರು ಥೇಟ್ ನಿನ್ನ ಥರಾನೇ. 'ಹಾ ಫೆರನ್ ಆಕಮ್' ಅಂತಾರೆ. ಹಾ ಅಂದ್ರೆ ಐತೆ. ಫೆರನ್ ಅಂದ್ರೆ ನೆಲ. ಆಕಮ್ ಅಂದ್ರೆ ನಂತಾವ, ನನ್ನ ಹತ್ರ."

"ಆಕಮ್" ಎಂದಳು ಅಮ್ಮ. "ನಂತಾವ." ಎರಡನ್ನೂ ಬಾಯಲ್ಲಿ ಹಾಕಿಕೊಂಡು ನೋಡಿದಳು. "ಇತ್ತು ಅನ್ನದು?"

"ವಾ ಫೆರನ್ ಆಕಮ್."

"ವಾ ಫೆರನ್ ಆಕಮ್" ಎಂದಳು ನಮ್ಮಮ್ಮ, ಒಂದಕ್ಷರ ತಪ್ಪದೆ. ಆಗ ಸರಿಯಾಗಿ ಶಾಮಿಯಾನದ ಮೇಲಿಂದ ವಿಮಾನವೊಂದು ಹೋಯಿತು. ಅಮ್ಮ ತಲೆಯೆತ್ತಿ ನೋಡಿ, "ಇಲ್ಲ, ಇತ್ತು ಅನ್ನಕಿಲ್ಲ ನಾನು. ಹಾ ಫೆರನ್ ಆಕಮ್" ಎಂದು ತಿದ್ದಿಕೊಂಡಳು. ಪಿಳ್ಳಂಜಿನಪ್ಪನವರೂ ಸುತ್ತ ನಿಂತವರೂ ಮೆಲ್ಲಗೆ ಹೇಳಿನೋಡಿದರು. ಕೆಂಪಣ್ಣ ಕನ್ನಡಕ ತೆಗೆದು ಬಿಳಿ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡ.

ಮಾತಾಡುವವರು ಕಮ್ಮಿಯಾದ ಭಾಷೆ ಎಂದಿದ್ದೆನಲ್ಲ ನಾನು? ದೇವನಹಳ್ಳಿಯಲ್ಲಿ ಒಂದು ಬಾಡೂಟದಲ್ಲಿ ಅಷ್ಟು ಜನ ಒಟ್ಟಿಗೆ ಮಾತಾಡಿದರು! ನನ್ನ ಮಗಳನ್ನು ನೋಡಿದೆ. ಇಷ್ಟು ದಿನ ಅವಳ ಬಗ್ಗೆ ನನಗಿದ್ದದ್ದು ಫ್ಲೆಕ್ಸಿನ ಹೆಮ್ಮೆ, ಹೆಚ್ಚು ಪಾಲು ನನ್ನದೇ ಮುಖ. ಅವತ್ತು ಬಂದದ್ದು ನಿಜವಾದ ಹೆಮ್ಮೆ. ಕುರ್ಚಿಯ ಮೇಲೆಯೇ ನಿಂತು ಅತ್ತುಬಿಟ್ಟೆ. ಮೈಕ್ ಆಗಲೂ ಆನ್ ಇತ್ತು.

"ಆ ಕರೆಂಟು ಯಾರಾದ್ರೂ ಆರಿಸ್ರಪ್ಪ" ಎಂದಳು ಪದ್ಮ.

ಮಾರನೆಯ ದಿನ ಹೊಸ್ತಿಲ ಹತ್ತಿರ ಅಮ್ಮ ಲಾವಣ್ಯಳ ಹಣೆಗೆ ಕುಂಕುಮವಿಟ್ಟಳು. ಒಂದು ಚಕ್ಕೋತವನ್ನು ಕೈಗೆ ಕೊಟ್ಟಳು. ಭಾರವಾಗುತ್ತದೆ, ಏರ್‌ಪೋರ್ಟಿನಲ್ಲಿ ಬಿಡುತ್ತಾರೋ ಇಲ್ಲವೋ ಎಂದು ನಾನು ಸುರಕ್ಷತೆಯ ದೃಷ್ಟಿಯಿಂದ ವಿವರಿಸಲು ಹೊರಟೆ. ಮನೆಯ ಮೂವರು ಹೆಂಗಸರೂ ಒಟ್ಟಿಗೆ ನನ್ನ ಕಡೆ ನೋಡಿದರು. ಪೆಟ್ಟಿಗೆ ಎತ್ತಿಕೊಂಡೆ.

"ಹೋಗ್ಬಾ ಮಗ" ಎಂದಳು ಅಮ್ಮ. "ನಮ್ಮ ಹೊಲ್ದಾಗೆ ಹತ್ತಿ ಹೋಗ್ತೀಯ. ತಿರ್ಗಾ ನಮ್ಮ ಹೊಲ್ದಾಗೇ ಬಂದಿಳಿ."

ಇವತ್ತು ಲಾವಣ್ಯ ಅಲ್ಲಿ ಚೆನ್ನಾಗಿ ಓದುತ್ತಿದ್ದಾಳೆ. ವಿಡಿಯೊ ಕಾಲ್‌ನಲ್ಲಿ ಅಜ್ಜಿ ಮೊಮ್ಮಗಳು ಹೊಲದ ಹೆಸರು ಮಾತಾಡಿಕೊಳ್ಳುತ್ತಾರೆ. ಅರ್ಥವಾಗದ್ದನ್ನು ಅಮ್ಮ ನನಗೆ ಬಿಡಿಸಿ ಹೇಳುತ್ತಾಳೆ. ಫ್ಲೆಕ್ಸನ್ನು ಕೊನೆಗೂ ಇಳಿಸಿದೆ. ಅದೀಗ ಪಿಳ್ಳಂಜಿನಪ್ಪನವರ ಕೊಟ್ಟಿಗೆಯ ಸೂರಿನ ಮೇಲೆ, ಸೋರುವ ಕಡೆ ಹೊದಿಸಿದೆ. ಒಂದು ಅಂಚು ಕೆಳಗೆ ಇಳಿಬಿದ್ದಿದ್ದು, ಅವರ ಸೀಮೆಹಸು ದಿನವೂ ನನ್ನ ಗುಲಾಬಿ ಕೆನ್ನೆಯನ್ನು ನೆಕ್ಕುತ್ತದೆಯಂತೆ. ಬಣ್ಣವೆಲ್ಲ ಹೋಗಿ ಈಗ ನನ್ನ ನಿಜವಾದ ವಯಸ್ಸು ಕಾಣುತ್ತಿದೆಯೆಂದು ಪದ್ಮ ಹೋಗಿ ನೋಡಿಕೊಂಡು ಬಂದು ವರದಿ ಕೊಟ್ಟಳು.

ಫೋನುಗಳು ಮಾತ್ರ ನಿಂತಿಲ್ಲ. ನಿನ್ನೆಯೂ ಒಬ್ಬರು ಮಾಡಿದ್ದರು.

"ಸಾರ್, ಸ್ಕಾಟ್ ಲ್ಯಾಂಡ್‌ದು ಟೈಟಲ್ ಕ್ಲಿಯರ್ ಇದ್ಯಾ?"

ಹಿಂದಿನಂತೆ ನಾನು ರೇಗಲಿಲ್ಲ. "ಇಲ್ಲ ಸಾರ್, ಅಲ್ಲಿ ಜನರನ್ನ ಎಬ್ಬಿಸಿ ಕುರಿ ಬಿಟ್ಟಿದ್ರು. ಅದನ್ನೇ ನನ್ನ ಮಗಳು ಓದ್ತಿದ್ದಾಳೆ" ಎಂದು, ನನ್ನ ಸರ್ವೀಸಿನಲ್ಲೇ ಮೊದಲ ಬಾರಿಗೆ, ಒಂದು ವಿಷಯವನ್ನು ಎರಡು ನಿಮಿಷದೊಳಗೆ ತಪ್ಪಿಲ್ಲದೆ ಅರ್ಥ ಮಾಡಿಸಿದೆ.

ಆ ಕಡೆಯವರು ಗಮನವಿಟ್ಟು ಕೇಳಿದರು. "ತುಂಬಾ ಸಂತೋಷ ಸಾರ್" ಎಂದರು. "ಅವರು ಓದಿ ಮುಗಿಸಿದ ತಕ್ಷಣ ತಿಳಿಸಿ. ನಮಗೊಂದು ಕಾರ್ನರ್ ಸೈಟ್ ಇರಲಿ!"